ಹಿಂದಿನ ಸೀಟಿನ ಸಾಕ್ಷಿ

ಇತ್ತೀಚೆಗೆ ನನಗೊಂದು ಚಾಳಿ ಬಿದ್ದಿದೆ. ಯಾರ ಗಾಡಿಯಲ್ಲಿ ಕುಳಿತರೂ ಮೊದಲು ಅಂಗೈಯನ್ನು ಸೀಟಿನ ಮೇಲೆ ಒತ್ತಿ ಇಡುತ್ತೇನೆ. ಆಮೇಲೆ ಚಪ್ಪಲಿ ಬಿಟ್ಟು ಅಂಗಾಲನ್ನು ಕೆಳಗೆ ಊರುತ್ತೇನೆ. ಕಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಳ್ಳುತ್ತದೆ. ಮೊನ್ನೆ ನಮ್ಮ ಶಾಲೆಯ ವಿಜ್ಞಾನದ ಟೀಚರು ಹೊಸ ಕಾರು ತಗೊಂಡ ಖುಷಿಗೆ ನಮ್ಮನ್ನೆಲ್ಲ ಬಾದಾಮಿಗೆ ಕರೆದೊಯ್ದಾಗಲೂ ಹೀಗೇ ಮಾಡಿದೆ. ಆಕೆ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಇವರಿಗೆ ವಾಂತಿ ಬರುತ್ತಿದೆ ಎಂದುಕೊಂಡು, ಪಾಪ, ಗಾಡಿ ನಿಲ್ಲಿಸಿ ಲಿಂಬೆಹಣ್ಣು ಹುಡುಕಿ ಕೊಟ್ಟಳು. ಇಲ್ಲವ್ವ, ನಿನ್ನ ಗಾಲಿಗಳ ನಾಡಿ ನೋಡುತ್ತಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ? ಸುಮ್ಮನೆ ಲಿಂಬೆಹಣ್ಣು ಮೂಸುತ್ತ ಕುಳಿತೆ.

ಹಾಗೆ ನೋಡಿದರೆ ನಡುಗುವ ಗಾಡಿ ನನಗೆ ಹೊಸದೇನೂ ಅಲ್ಲ. ನಾನು ಬೆಳೆದದ್ದೇ ಬಾದಾಮಿಯಲ್ಲಿ. ಶಿವಯೋಗ ಮಂದಿರಕ್ಕೆ ಹೋಗುವ ಆಗಿನ ಬಸ್ಸಿನಲ್ಲಿ ಕಿಟಕಿಯ ಗಾಜು, ಸೀಟಿನ ಕಬ್ಬಿಣ, ಕಂಡಕ್ಟರನ ಚೀಲದ ಚಿಲ್ಲರೆ ಎಲ್ಲ ಒಂದೇ ತಾಳದಲ್ಲಿ ಗಡಗಡ ಅನ್ನುತ್ತಿದ್ದವು. ಗಾಜಿಗೆ ಹಣೆ ಹಚ್ಚಿ ‘ಆ’ ಎಂದು ಉದ್ದಕ್ಕೆ ಎಳೆದರೆ ದನಿ ತುಂಡುತುಂಡಾಗಿ ಹೊರಗೆ ಬರುತ್ತಿತ್ತು. ನಾನೂ ನನ್ನ ತಮ್ಮನೂ ಊರು ಬರುವವರೆಗೂ ಹಾಗೆ ಒದರುತ್ತಿದ್ದೆವು. ಹಿಂದಿನ ಸೀಟಿನ ಯಾರಾದರೂ ಹಿರಿಯರು ಗದರಿದ ಮೇಲೆ ಅವ್ವ ಇಬ್ಬರ ತಲೆಗೂ ಒಂದೊಂದು ಮೊಟಕುತ್ತಿದ್ದಳು. ಐಹೊಳೆಯ ಸೋದರಮಾವನ ಮನೆಗೆ ಹೋಗುವಾಗಲಂತೂ ಎತ್ತಿನ ಚಕ್ಕಡಿ. ಅದರಿಂದ ಇಳಿದ ಮೇಲೂ ಬಹಳ ಹೊತ್ತು ನೆಲವೇ ಅಲ್ಲಾಡಿದಂತೆ ಆಗುತ್ತಿತ್ತು, ಮಾವನ ಹೆಂಡತಿ ಕೊಟ್ಟ ಮಜ್ಜಿಗೆಯ ಲೋಟ ಹಲ್ಲಿಗೆ ಬಡಿಯುತ್ತಿತ್ತು. ಆಗ ನಡುಗುತ್ತಿದೆ ಎಂದರೆ ಓಡುತ್ತಿದೆ ಎಂದು ಅರ್ಥ. ಬಸ್ಸು ನಡುಗುವುದು ನಿಂತಾಗಲೇ ಜನ ಗಾಬರಿಯಾಗಿ ಇಳಿದು ನೋಡುತ್ತಿದ್ದರು.

ಅಂಥ ನಾನು ಐವತ್ತು ದಾಟಿದ ಮೇಲೆ ಕಾರು ಕಲಿತೆ. ಕಲಿಸಿದವರು ನಮ್ಮ ಮನೆಯವರು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ಅದೇ ನನ್ನ ಕರ್ಮ. ಕ್ಲಚ್ ಬಿಡು ಎಂದು ಒಂದೇ ಮಾತಿನಲ್ಲಿ ಹೇಳಿದ್ದರೆ ಬಿಡುತ್ತಿದ್ದೆ. ಅವರು ಘರ್ಷಣೆ ಎಂದರೇನು ಎಂಬಲ್ಲಿಂದ ಪಾಠ ಸುರುಮಾಡುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಬಾಗಲಕೋಟೆಯ ನವನಗರದ ಯಾರದೋ ಕಾಂಪೌಂಡಿಗೆ ನಮ್ಮ ಬಂಪರು ತಾಗಿರುತ್ತಿತ್ತು. ಎರಡು ಸಲ ನಾನು ನಡುದಾರಿಯಲ್ಲಿ ಕೀಲಿಕೈ ಅವರ ಕೈಗೆ ಕೊಟ್ಟು ನಡೆದುಕೊಂಡು ಮನೆಗೆ ಬಂದದ್ದೂ ಉಂಟು. ಆದರೂ ಹಠ ಹಿಡಿದು ಕಲಿತೆ, ಯಾಕೆಂದರೆ ಮನೆಯಲ್ಲಿ ಅವರ ತಾಯಿ, ನಮ್ಮ ಅತ್ತೆ, ಇದ್ದರು.

ಅತ್ತೆಯ ತವರು ಇಳಕಲ್. ನೇಕಾರರ ಓಣಿ. ಅಲ್ಲಿ ಅವರ ತಂಗಿ ನಾಗವ್ವ ತಮ್ಮ ಮಗ ಸೊಸೆಯ ಜೊತೆ ಇದ್ದಾರೆ. ಅಕ್ಕತಂಗಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ರಾಟಿಯ ಮುಂದೆ ಕುಳಿತು ನೂಲು ಸುತ್ತಿ ದೊಡ್ಡವರಾದವರು. ಕೆಲವು ವರ್ಷಗಳಿಂದ ನಾಗವ್ವನಿಗೆ ಮರೆವು ಹತ್ತಿದೆ. ಬೆಳಿಗ್ಗೆ ಉಂಡದ್ದು ಮರೆಯುತ್ತಾರೆ, ಗಂಡ ತೀರಿಕೊಂಡದ್ದು ಮರೆಯುತ್ತಾರೆ, ತಮ್ಮ ಮನೆಯಲ್ಲೇ ಕುಳಿತು ಮನೆಗೆ ಹೋಗೋಣ ನಡೆಯಿರಿ ಅನ್ನುತ್ತಾರೆ. ಪರಿಚಯದ ಮುಖ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿರಲಿ ಎಂದು ಡಾಕ್ಟರು ಹೇಳಿದ್ದನ್ನು ನಮ್ಮ ಅತ್ತೆ ದೇವರ ಅಪ್ಪಣೆ ಅನ್ನುವ ಹಾಗೆ ಹಿಡಿದುಕೊಂಡರು. ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಮಗನಿಗೆ, ಅಂದರೆ ನಮ್ಮ ಮನೆಯವರಿಗೆ, ಭಾನುವಾರವೇ ಮನೆಯಲ್ಲಿ ಹುಡುಗರ ಕ್ಲಾಸು. ಉಳಿದವಳು ನಾನು.

ಹೀಗೆ ಪ್ರತಿ ಭಾನುವಾರ ಬೆಳಿಗ್ಗೆ ಅತ್ತೆ ಹಿಂದಿನ ಸೀಟಿನಲ್ಲಿ, ಪಕ್ಕದಲ್ಲಿ ಅವರ ಕೈಚೀಲ, ಮುಂದೆ ನಾನು. ಇಳಕಲ್ ಮುಟ್ಟಿದರೆ ಮೊದಲ ಅರ್ಧ ತಾಸು ನಾಗವ್ವ ಸ್ವಂತ ಅಕ್ಕನನ್ನೇ ಪರಸ್ಥಳದವರ ಹಾಗೆ ಮಾತನಾಡಿಸುತ್ತಿದ್ದರು. ಯಾರ ಪೈಕಿ ಆದಿರಿ, ದಾರಿ ಛಲೋ ಇತ್ತೇ ಎಂದು ಕೇಳಿ, ಕುಡಿಯಲು ನೀರು ತರಿಸುತ್ತಿದ್ದರು. ಅತ್ತೆ ಅದಕ್ಕೆಲ್ಲ ಬೀಗರ ಮನೆಯಲ್ಲಿ ಕುಳಿತವರಂತೆ ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಆಮೇಲೆ ಮೆಲ್ಲಗೆ ಹಿಂದೆ ಸರಿದು ಕುಳಿತು, ತಂಗಿಯ ತಲೆಗೆ ಎಣ್ಣೆ ಹಚ್ಚಿ ಬಾಚತೊಡಗುತ್ತಿದ್ದರು. ಹೆರಳು ಅರ್ಧ ಆಗುವ ಹೊತ್ತಿಗೆ ನಾಗವ್ವನ ಬಾಯಿಂದ “ಅಕ್ಕಾ, ಮೆಲ್ಲಕ” ಎಂದು ಬರುತ್ತಿತ್ತು. ಅಷ್ಟೇ. ಆ ಒಂದು ಮಾತಿಗಾಗಿ ನಾವು ಬಾಗಲಕೋಟೆಯಿಂದ ಹೋಗುತ್ತಿದ್ದೆವು. ಒಮ್ಮೆ ನನಗೆ ಜ್ವರ ಬಂದು ಒಂದು ವಾರ ತಪ್ಪಿದಾಗ, ಮುಂದಿನ ಸಲ ಹೆರಳು ಪೂರ್ತಿ ಆದರೂ ಆ ಮಾತು ಬರಲಿಲ್ಲ. ಅದು ತಿರುಗಿ ಬರಬೇಕಾದರೆ ತಿಂಗಳು ಹಿಡಿಯಿತು. ಇನ್ನೊಮ್ಮೆ ತಪ್ಪಿದರೆ ತಂಗಿ ತನ್ನನ್ನು ಪೂರ್ತಿ ಮರೆತುಬಿಡುತ್ತಾಳೆ ಎಂಬ ಹೆದರಿಕೆ ಅತ್ತೆಯ ಎದೆಯಲ್ಲಿ ಅಂದೇ ಕೂತಿತು.

ಈಗ ನನ್ನ ಪರಾಕ್ರಮದ ಕತೆಯೊಂದನ್ನು ಹೇಳಬೇಕು. ಎಳ್ಳಮಾವಾಸ್ಯೆಗೆ ಶಿರೂರಿನ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋಗುವುದು ಮನೆಯ ಪದ್ಧತಿ. ಭೂಮಿತಾಯಿಗೆ ನೈವೇದ್ಯ ಮಾಡಿ, ಹೊಲದ ಸುತ್ತ ಅಡುಗೆಯ ತುತ್ತು ಚೆಲ್ಲಿ, ಆಮೇಲೆ ಬನ್ನಿ ಗಿಡದ ನೆರಳಿಗೆ ಎಲ್ಲರೂ ಉಣ್ಣಲು ಕೂರುತ್ತೇವೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಾಳುಪಲ್ಯ. ಬುದ್ಧಿ ಇದ್ದವರು ಗಾಡಿಗಳನ್ನು ರಸ್ತೆಯ ಮೇಲೆ ನಿಲ್ಲಿಸಿ ಬುಟ್ಟಿ ಹೊತ್ತುಕೊಂಡು ನಡೆದು ಹೋಗುತ್ತಾರೆ. ಅತ್ತೆಗೆ ನಡೆಯಲು ಆಗುವುದಿಲ್ಲವೆಂದು ನಾನು ಕಾರನ್ನು ಬನ್ನಿ ಗಿಡದ ಬುಡಕ್ಕೇ ಒಯ್ಯುತ್ತೇನೆಂದು ಹೊರಟೆ. ಎರಡು ದಿನದ ಹಿಂದೆ ಅಕಾಲದ ಮಳೆ ಬಿದ್ದಿತ್ತು. ನಮ್ಮ ಎರೆಭೂಮಿ ಒದ್ದೆಯಾದರೆ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಚಪ್ಪಲಿ ಹಿಡಿದರೆ ಬಿಡುವುದಿಲ್ಲ, ಇನ್ನು ಕಾರು ಬಿಟ್ಟೀತೇ? ಹಿಂದಿನ ಗಾಲಿ ಅರ್ಧಕ್ಕೆ ಹೂತುಕೊಂಡಿತು. ಬಾಜೂ ಹೊಲದವರು ಉಣ್ಣುವುದನ್ನು ಬಿಟ್ಟು ಬಂದು ನೂಕಿದರು. ಅತ್ತೆ ಮಾತ್ರ ಒಳಗೇ, ತೊಡೆಯ ಮೇಲೆ ಹೋಳಿಗೆಯ ಬುಟ್ಟಿ ಇಟ್ಟುಕೊಂಡು, ಪಲ್ಲಕ್ಕಿಯಲ್ಲಿ ಕುಳಿತವರಂತೆ ಅವರಿವರಿಗೆ ಹುಷಾರು ಹೇಳುತ್ತಿದ್ದರು. ಕಡೆಗೂ ಗಾಡಿ ಗಿಡದ ಬುಡ ಮುಟ್ಟಿತು. ಮರುದಿನ ನಾನೇ ಬಕೆಟ್ಟು ಹಿಡಿದು, ಸೀರೆ ಎತ್ತಿ ಕಟ್ಟಿ, ಕಾರನ್ನು ಮುಖ ಕಾಣುವಷ್ಟು ತಿಕ್ಕಿ ತೊಳೆದೆ.

ಮುಂದಿನ ಭಾನುವಾರ ಕಾರು ನಡುಗಿತು.

ನಡುಗಿದ್ದು ಎಲ್ಲಿ ಎಂಬುದೇ ಒಂದು ತಮಾಷೆ. ಬಾಗಲಕೋಟೆಯಿಂದ ಶಿರೂರು, ಕಮತಗಿ, ಅಮೀನಗಡ ದಾಟುವವರೆಗೂ ಏನೂ ಇಲ್ಲ. ಆ ರಸ್ತೆಯಲ್ಲಿ ಕುರಿ, ಟ್ರ್ಯಾಕ್ಟರು, ರಸ್ತೆಯುಬ್ಬುಗಳ ನಡುವೆ ಗಾಡಿ ಜೋರಾಗಿ ಓಡುವುದೇ ಇಲ್ಲ. ಹುನಗುಂದದ ಹತ್ತಿರ ದೊಡ್ಡ ಹೈವೇ ಹತ್ತಿ, ಮುಂದಿನ ಗ್ರಾನೈಟ್ ಲಾರಿಯನ್ನು ಹಿಂದೆ ಹಾಕೋಣವೆಂದು ಎಂಬತ್ತಕ್ಕೆ ಏರಿಸಿದೆನೋ ಇಲ್ಲವೋ, ಸುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಮೈಯೆಲ್ಲ ಜುಮ್ಮೆನ್ನುವ ಹಾಗೆ. ನನ್ನ ಜೀವ ಬಾಯಿಗೆ ಬಂತು. ಸ್ಟೇರಿಂಗನ್ನು ಎರಡೂ ಕೈಯಿಂದ ಅವುಚಿ ಹಿಡಿದೆ. ಅರವತ್ತಕ್ಕೆ ಇಳಿಸಿದರೆ ಗಪ್‌ಚುಪ್. ಮತ್ತೆ ಎಂಬತ್ತು, ಮತ್ತೆ ನಡುಕ. ಹಾಗಾದರೆ ಅರವತ್ತರಲ್ಲೇ ಹೋಗಬಾರದೇ ಎಂದು ನೀವು ಕೇಳಬಹುದು. ಹೋದೆ. ಆದರೆ ಬೇನೆ ಏನೆಂದು ಗೊತ್ತಿಲ್ಲದೆ ನಿಧಾನ ಹೋದರೇನು, ಜೋರು ಹೋದರೇನು? ಗಾಲಿಯೇ ಕಳಚಿಕೊಂಡು ನಮಗಿಂತ ಮೊದಲು ಇಳಕಲ್ ಮುಟ್ಟಿದರೆ? ಅತ್ತೆಯನ್ನು ಕೇಳಿದೆ, ನಿಮಗೇನಾದರೂ ಗೊತ್ತಾಯಿತೇ ಎಂದು. ಅವರು ಕಿಟಕಿಯ ಹೊರಗೆ ನೋಡುತ್ತ, ನನಗೇನೂ ಗೊತ್ತಾಗಲಿಲ್ಲವ್ವ ಎಂದರು.

ಮನೆಯವರು ಎಲ್ಲ ಕೇಳಿಸಿಕೊಂಡು, ಸಂಜೆ ನವನಗರದೊಳಗೇ ಒಂದು ಸುತ್ತು ಹೊಡೆದು ಬಂದು, ಗಾಡಿಗೆ ಏನೂ ಆಗಿಲ್ಲವೆಂದು ತೀರ್ಪು ಕೊಟ್ಟರು. ನವನಗರದಲ್ಲಿ ಎಂಬತ್ತಕ್ಕೆ ಓಡಿಸುವವರು ಯಾರು? ಹಾಗಾದರೆ ಹೈವೇಗೇ ಹೋಗೋಣ ಎಂದೆ. ಒಂದು ರಜೆಯ ದಿನ ಬಂದರು, ತಾವೇ ಓಡಿಸಿದರು, ಇಳಕಲ್ ತನಕ ಒಂದು ಸಲವೂ ಎಪ್ಪತ್ತು ದಾಟಲಿಲ್ಲ. ಅವರದು ಹಾಗೇ, ಮದುವೆಯ ಮೆರವಣಿಗೆಯ ಹಿಂದೆ ಹೊರಟವರಂತೆ ಓಡಿಸುತ್ತಾರೆ. “ನಿನ್ನ ಕೈ ನಡಗತಾವ. ಭಾಳ ಬಿಗಿ ಹಿಡೀತಿ ನೀ,” ಎಂದರು. ಕೂಡಿ ಬಾಳಿ ಇಷ್ಟು ವರ್ಷವಾದ ಮೇಲೆ ಕೈ ನಡುಗುವವಳೆಂಬ ಬಿರುದು. ಆ ರಾತ್ರಿ ಅವರ ರೊಟ್ಟಿಗೆ ಬೆಣ್ಣೆ ಹಾಕಲಿಲ್ಲ.

ಆದರೆ ಒಳಗೊಳಗೇ ನನಗೂ ಅನುಮಾನ. ಟೀ ಕಪ್ಪು ಹಿಡಿದಾಗಲೆಲ್ಲ ಕೈ ನೋಡಿಕೊಳ್ಳತೊಡಗಿದೆ. ಶಾಲೆಯಲ್ಲಿ ಪಾಠ ಮಾಡುವಾಗ ಬೋರ್ಡಿನ ಮೇಲೆ ಗೆರೆ ಎಳೆದರೆ ನೇರ ಬಂತೇ ಎಂದು ಹಿಂದೆ ಸರಿದು ನೋಡುತ್ತಿದ್ದೆ. ಮಕ್ಕಳೂ ತಿರುಗಿ ನೋಡುತ್ತಿದ್ದವು.

ಕಡೆಗೆ ಟಯರ್ ಅಂಗಡಿಯ ರಫೀಕನ ಹತ್ತಿರ ಹೋದೆವು. ಅತ್ತೆಯೂ ಬರುತ್ತೇನೆಂದು ಹಟ ಹಿಡಿದು ಬಂದಿದ್ದರು. ರಫೀಕ ಅವಸರ ಮಾಡುವವನಲ್ಲ. ಎಷ್ಟು ಸ್ಪೀಡಿನಲ್ಲಿ, ಬ್ರೇಕ್ ಒತ್ತಿದಾಗಲೋ ಒತ್ತದಿದ್ದಾಗಲೋ, ಎಲ್ಲ ಕೇಳಿದ. ಆಮೇಲೆ ವಿವರಿಸಿದ: “ಸ್ಟೇರಿಂಗ್ ನಡಗಿದ್ರ ಮುಂದಿನ ಗಾಲಿ ಅಕ್ಕಾರ, ಸೀಟ್ ನಡಗಿದ್ರ ಹಿಂದಿನ ಗಾಲಿ.” ಇದಕ್ಕೆ ನಮ್ಮ ಮನೆಯವರೂ ತಲೆದೂಗಿದರು. ನನ್ನ ಕೈಯಂತೂ ನಡುಗುತ್ತಿತ್ತು. ಬಿಗಿ ಹಿಡಿದದ್ದಕ್ಕೋ ಸ್ಟೇರಿಂಗಿಗೋ ಯಾರಿಗೆ ಗೊತ್ತು, ಸ್ಟೇರಿಂಗೇ ಎಂದೆ. ಆದರೂ ಖಾತ್ರಿ ಆಗಲೆಂದು ರಫೀಕ ಅತ್ತೆಯ ಕಡೆ ತಿರುಗಿದ. ಹಿಂದೆ ಕೂರುವವರು ಅವರೊಬ್ಬರೇ. ಸೀಟು ನಡುಗುತ್ತದೆಯೇ ಅಮ್ಮಾ ಎಂದು ಕೇಳಿದ.

“ಇಲ್ಲೋ ತಮ್ಮಾ,” ಎಂದರು ಅತ್ತೆ. “ನಮ್ಮನಿ ಜೋಕಾಲಿ ಮ್ಯಾಲೆ ಕುಂತಂಗ ಇರತೈತಿ.”

ಸಾಕ್ಷಿ ಇಷ್ಟು ಸ್ಪಷ್ಟವಿದ್ದ ಮೇಲೆ ಇನ್ನೇನು? ಮುಂದಿನ ಎರಡೂ ಗಾಲಿಗಳನ್ನು ಬಿಚ್ಚಿ, ಮಷೀನಿಗೆ ಹಾಕಿ ತಿರುಗಿಸಿ, ತೂಕ ಸರಿಮಾಡಲು ರಿಮ್ಮಿಗೆ ಸೀಸದ ತುಂಡು ಬಡಿದು ಕೊಟ್ಟ. ಭಾನುವಾರ ಹೈವೇಗೆ ಹೋದರೆ ಅದೇ ನಡುಕ. ಮತ್ತೆ ರಫೀಕ. ಈ ಸಲ ಮುಂದಿನ ಗಾಲಿಗಳು ನೇರ ಇವೆಯೋ ಇಲ್ಲವೋ ಎಂದು ಅಳತೆ ಹಿಡಿದು ನೋಡಿದ, ಕೆಳಗೆ ಮಲಗಿ ಏನೇನೋ ಬಿಗಿ ಮಾಡಿದ. ಮತ್ತೆ ಅತ್ತೆಯನ್ನು ಕೇಳಿದ. ಅತ್ತೆ ಮತ್ತೆ ಅದೇ ಹೇಳಿದರು, ಈ ಸಲ ಸ್ವಲ್ಪ ಸಿಟ್ಟಿನಿಂದ, ಎಷ್ಟು ಸಲ ಕೇಳುತ್ತೀ ಎಂಬಂತೆ. ಮುಂದಿನ ವಾರವೂ ಹುನಗುಂದ ದಾಟಿದ ಕೂಡಲೇ ನಾನೂ ನಡುಗಿದೆ, ಗಾಡಿಯೂ ನಡುಗಿತು. ಅಂದು ಒಂದು ಲಾರಿ ಪಕ್ಕಕ್ಕೆ ಬಂದಾಗ ನನ್ನ ಕೈಯಲ್ಲಿ ಗಾಡಿ ನಿಲ್ಲುವುದೋ ಇಲ್ಲವೋ ಅನ್ನಿಸಿತು. ಮನೆಗೆ ಬಂದು ಎಲ್ಲ ಹೇಳಿಬಿಟ್ಟೆ.

ಮನೆಯವರು ಅಂದು ತಮಾಷೆ ಮಾಡಲಿಲ್ಲ. ಏನೆಂದು ಗೊತ್ತಾಗುವವರೆಗೂ ಹೈವೇಗೆ ಗಾಡಿ ಒಯ್ಯುವುದು ಬೇಡ ಎಂದರು. ಮುಂದಿನ ಭಾನುವಾರ ಇಳಕಲ್ ಇಲ್ಲ. ಬಾಡಿಗೆ ಗಾಡಿ ಕೇಳಿದರೆ ಅದು ಲಗ್ನದ ದಿನ, ಒಂದೂ ಸಿಗಲಿಲ್ಲ.

ಆ ಭಾನುವಾರ ಹೋಗುವುದಿಲ್ಲವೆಂದು ಗೊತ್ತಿದ್ದೂ ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ಕೈಚೀಲ ಪಕ್ಕದಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತರು. ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ನಮಗೆ ಸಮಾಧಾನ ಆಗುತ್ತಿತ್ತು. ಫೋನು ಹಚ್ಚಿ ಕೊಟ್ಟೆ. ನಾಗವ್ವನಿಗೆ ಫೋನಿನೊಳಗಿನ ದನಿ ಯಾರದೆಂದು ತಿಳಿಯುವುದಿಲ್ಲ, ರಾಂಗ್ ನಂಬರ್ ಎಂದು ಸೊಸೆಯ ಕೈಗೆ ಕೊಟ್ಟುಬಿಟ್ಟರಂತೆ. ಅತ್ತೆ ನಕ್ಕರು. “ನಾ ಈಗ ರಾಂಗ್ ನಂಬರ್ ಆದ್ನಿ ನೋಡ,” ಎಂದರು. ಕ್ಲಾಸಿನಲ್ಲಿ ಹುಡುಗರಿಗೆ ಲೆಕ್ಕ ಬಿಡಿಸುತ್ತಿದ್ದ ಮನೆಯವರು ಅರ್ಧಕ್ಕೇ ಎದ್ದು ಬಂದು ತಾಯಿಯ ಹತ್ತಿರ ಸ್ವಲ್ಪ ಹೊತ್ತು ಕುಳಿತು ಹೋದರು.

ಮರುದಿನ ಕಾಲೇಜಿಗೆ ರಜೆ ಹಾಕಿ ಅವರೇ ಗಾಡಿ ತಗೊಂಡು ರಫೀಕನಲ್ಲಿಗೆ ಹೋದರು. ನಾನೂ ಹೋದೆ. ಮುಂದಿನದೋ ಹಿಂದಿನದೋ ಯಾರ ಮಾತೂ ಕೇಳಬೇಡ, ನಾಲ್ಕೂ ಗಾಲಿ ಬಿಚ್ಚು ಎಂದರು. ಹಿಂದಿನ ಎಡಗಾಲಿ ಬಿಚ್ಚಿ ಹೊರಗೆ ಎಳೆದಾಗ ರಫೀಕ ಒಳಮೈಯನ್ನು ನೋಡಿ ಹುಬ್ಬೇರಿಸಿದ. ರಿಮ್ಮಿನ ಒಳಗೆ, ಹೊರಗಿನಿಂದ ಯಾರಿಗೂ ಕಾಣದ ಕಡೆ, ಅಂಗೈ ಅಗಲದ ಎರೆಮಣ್ಣಿನ ಹೆಂಟೆ ಒಣಗಿ ಕಲ್ಲಾಗಿ ಅಂಟಿ ಕುಳಿತಿತ್ತು. ಅದರಲ್ಲಿ ಜೋಳದ ದಂಟಿನ ಚೂರು ಕೂಡ ಇತ್ತು. ಎಳ್ಳಮಾವಾಸ್ಯೆಯ ಹೊಲ! ನಾನು ಮುಖ ಕಾಣುವಷ್ಟು ತೊಳೆದದ್ದು ಹೊರಗಿನ ಮೈ ಮಾತ್ರ. ಗಾಲಿಗೆ ಒಳಗೊಂದು ಮೈ ಇರುತ್ತದೆ ಎಂದು ಯಾರಿಗೆ ಹೊಳೆಯಬೇಕು? ನಮ್ಮವರಿಗೆ ಎಲ್ಲಿಲ್ಲದ ಖುಷಿ. ಗಾಲಿಯ ಒಂದು ಕಡೆ ಭಾರ ಹೆಚ್ಚಾದರೆ ನಿಧಾನಕ್ಕೆ ತಿರುಗುವಾಗ ಗೊತ್ತಾಗುವುದಿಲ್ಲ, ವೇಗ ಏರಿದಂತೆಲ್ಲ ಅದು ಗಾಲಿಯನ್ನು ಎತ್ತಿ ಕುಕ್ಕುತ್ತದೆ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಪಾಠ ಹೇಳಿದರು. ರಫೀಕ ಹೆಂಟೆಯನ್ನು ಕೆರೆದು ತೆಗೆದು, ತೊಳೆದು, ಮಷೀನಿಗೆ ಹಾಕಿ ನೋಡಿದ. ಆದರೆ ಒಂದು ಮಾತು ಅವನಿಗೆ ಬಗೆಹರಿಯಲಿಲ್ಲ. ಹಿಂದಿನ ಗಾಲಿಯಲ್ಲಿ ಇಷ್ಟು ಮಣ್ಣಿದ್ದರೆ ಸೀಟು ನಡುಗಲೇಬೇಕಿತ್ತು, ಅಮ್ಮನಿಗೆ ಹೇಗೆ ಗೊತ್ತಾಗಲಿಲ್ಲ ಎಂದು ತಲೆ ಕೆರೆದುಕೊಂಡ. ವಯಸ್ಸಾಯಿತು, ಪಾಪ ಎಂದೆವು.

ಭಾನುವಾರ ಬಂತು. ಹುನಗುಂದ ದಾಟಿ ಹೈವೇ ಹತ್ತಿದೆ. ಎಂಬತ್ತು, ಎಂಬತ್ತೈದು, ತೊಂಬತ್ತು. ಗಾಡಿ ಎಣ್ಣೆಯ ಮೇಲೆ ಜಾರಿದಂತೆ ಹೋಯಿತು. ನನಗೆ ಹಾಡು ಬರುವುದೊಂದು ಬಾಕಿ.

“ಈಗ ಆರಾಮ ಆತು ನೋಡ ನಡಕ್ಕ,” ಎಂದರು ಅತ್ತೆ ಹಿಂದಿನಿಂದ, ಸೊಂಟ ನೀವಿಕೊಳ್ಳುತ್ತ.

ಸ್ವಲ್ಪ ಮುಂದೆ ಹೋದ ಮೇಲೆ ಆ ಮಾತು ನನ್ನ ತಲೆಗೆ ಹೋಯಿತು. ಕನ್ನಡಿಯಲ್ಲಿ ನೋಡಿದೆ. ಅವರು ತಟ್ಟನೆ ಕಿಟಕಿಯ ಕಡೆ ತಿರುಗಿದರು.

“ಅತ್ತ್ಯಾರ, ಅಂದ್ರ ಮೊದ್ಲ ನಡಗತಿತ್ತೇನ್ರಿ?”

ಅವರು ಕೈಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಅಂದರು: “ನಡಗತಿತ್ತವ್ವ. ಎಂಥಾ ನಡಗೂದು. ನನ್ನ ಹಲ್ಲಿನ ಸೆಟ್ಟ ಕಳಚಿ ಬೀಳ್ತಿತ್ತು, ಹಲ್ಲ ಕಚಗೊಂಡು ಕುಂಡ್ರತಿದ್ದೆ.”

ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ. ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ದಿನ ನನ್ನ ಕೈಯೇ ಸರಿಯಿಲ್ಲವೆಂದು ನಿದ್ದೆಗೆಟ್ಟವಳು ನಾನು. ಗಾಲಿ ಏನಾದರೂ ಆಗಿದ್ದರೆ ಇಬ್ಬರ ಗತಿ ಏನಾಗುತ್ತಿತ್ತು, ಕೇಳಿದವರಿಗೆ ಒಂದು ಮಾತು ಖರೆ ಹೇಳಲಿಕ್ಕೆ ಏನಾಗಿತ್ತು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಅಡ್ಡ ಬರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು.

“ಮುಂದಿಂದು ಕೆಟ್ಟೈತಿ ಅಂತ ನೀ ಅಂದಿ. ಹಿಂದಿಂದೂ ಕೆಟ್ಟೈತಿ ಅಂತ ನಾ ಅಂದಿದ್ರ ನಿನ್ನ ಗಂಡ ಗಾಡೀನ ಮಾರ್ತಿದ್ದ,” ಎಂದರು. “ಒಂದ್ ವಾರ ತಪ್ಪಿದ್ರ ಆಕಿ ನನ್ನ ಮರೀತಾಳ ಯವ್ವಾ. ಗಾಲಿ ಬಿದ್ರ ಬೀಳ್ಲಿ ಅಂದ್ನಿ. ಇಳಕಲ್ ದಾರ್ಯಾಗ ಬೀಳತೈತಿ, ಮತ್ತೆಲ್ಲಿ ಬೀಳತೈತಿ.”

ಇದಕ್ಕೆ ಏನು ಹೇಳುತ್ತೀರಿ? ನಾನು ನಗಲಿಕ್ಕೆ ಹತ್ತಿದೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಈ ಮುದುಕಿಯನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ಆ ಹೈವೇಯ ಪಕ್ಕದಲ್ಲಿ, ಲಾರಿಗಳ ಧೂಳಿನಲ್ಲಿ ನನಗೆ ಗೊತ್ತಾಯಿತು. ಅವರು ನಗಲಿಲ್ಲ. ತಪ್ಪಿಹೋದ ಆ ಒಂದು ವಾರವೇ ಅವರ ತಲೆಯಲ್ಲಿ ಕುಳಿತಿತ್ತು. ಇವತ್ತು ತಲೆ ಬಾಚಿದರೂ ಆಕೆಗೆ ಗುರುತು ಹತ್ತುವುದಿಲ್ಲ, ನೀನು ಬೇಕಾದರೆ ನೋಡು ಎಂದು ಮೆತ್ತಗೆ ಅಂದರು. ಹತ್ತುತ್ತದೆ ಬಿಡಿ ಎಂದು ಗಾಡಿ ಚಾಲೂ ಮಾಡಿದೆ, ಆದರೆ ನನಗೂ ಧೈರ್ಯವಿರಲಿಲ್ಲ.

ಓಣಿಯಲ್ಲಿ ಮಗ್ಗಗಳ ಸಪ್ಪಳ ಕೇಳುತ್ತಿತ್ತು. ನಾಗವ್ವ ಹೊರಗೆ ಕಟ್ಟೆಯ ಮೇಲೇ ಕುಳಿತಿದ್ದರು. ಬೆಳಿಗ್ಗೆಯಿಂದ ಒಳಗೆ ಬರಲೊಲ್ಲರು, ಯಾಕೆಂದೂ ಹೇಳಲೊಲ್ಲರು ಎಂದು ಅವರ ಸೊಸೆ ಬಾಗಿಲಲ್ಲೇ ನನಗೆ ದೂರು ಹೇಳಿದಳು. ಅತ್ತೆ ನನ್ನ ತೋಳು ಹಿಡಿದು ಮೆಲ್ಲಗೆ ಇಳಿದರು. ತಂಗಿಯ ಎದುರು ನಿಂತು, ಪರರ ಮನೆಗೆ ಬಂದವರಂತೆ ಕಾದರು. ನಾಗವ್ವ ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ನೋಡಿದರು.

“ಹ್ವಾದ ಐತವಾರ ಯಾಕ ಬರ್ಲಿಲ್ಲ?”

ಅತ್ತೆಯ ಕೈ ನನ್ನ ತೋಳಿನ ಮೇಲೆ ಬಿಗಿಯಾಯಿತು. “ಗಾಡಿ ಕೆಟ್ಟಿತ್ತವ್ವ,” ಎಂದರು.

“ಕೆಟ್ರೇನಾತು? ನಡಕೊಂತ ಬರಬೇಕು. ನಾ ಕುಂತಿರತೇನಿ ಇಲ್ಲೆ,” ಎಂದು ನಾಗವ್ವ ಗಂಟುಮುಖ ಹಾಕಿ ಎದ್ದು ಒಳಗೆ ನಡೆದರು.

“ಖರೆ ನೋಡವ್ವ. ನಡಕೊಂತರ ಬರಬೇಕಾಗಿತ್ತು,” ಎನ್ನುತ್ತ ನಮ್ಮ ಅತ್ತೆ, ನನ್ನ ತೋಳು ಬಿಟ್ಟು, ಮೊಣಕಾಲು ಮರೆತು, ಚಪ್ಪಲಿ ಮೆಟ್ಟಿಕೊಂಡೇ ತಂಗಿಯ ಹಿಂದೆ ಒಳಗೆ ಹೋದರು.